ರಸ್ತೆ ಬದಿಯ ಕೇಬಲ್ಲಿಗೆ ನೆಲದ ನಡುಕ ಗೊತ್ತಾಗುತ್ತದೆ

2022ರ ಜೂನ್ ಕೊನೆಯಲ್ಲಿ ಚೆಂಬು, ಸಂಪಾಜೆ ಕಡೆ ನೆಲ ಮತ್ತೆ ಮತ್ತೆ ನಡುಗಿದ್ದು ಕೊಡಗಿನವರಿಗೆ ನೆನಪಿದೆ ಅಲ್ವಾ? ಮೊದಲು ನೆಲದೊಳಗಿಂದ ಗುಡುಗಿನಂಥ ಸದ್ದು, ಹಿಂದೆಯೇ ಅಡುಗೆಮನೆಯ ಪಾತ್ರೆಗಳ ಸದ್ದು. 2018ರ ಬರೆ (ಗುಡ್ಡದ ಕಡಿದಾದ ಮಗ್ಗುಲು) ಕುಸಿತ ಕಣ್ಣಾರೆ ಕಂಡಿದ್ದ ನಮಗೆ ಹೆದರಲು ಅಷ್ಟು ಸಾಕಿತ್ತು. ನೆಲದೊಳಗೆ ಏನಾಗುತ್ತಿದೆ ಎಂದು ತಿಳಿಯುವುದು ಹೇಗೆ ಅನ್ನೋ ಪ್ರಶ್ನೆ ಆಗಿನಿಂದ ನನ್ನನ್ನು ಬಿಟ್ಟಿಲ್ಲ.

ಅದಕ್ಕೆ ಒಂದು ಒಳ್ಳೆಯ ಉತ್ತರ ಸಿಕ್ಕಿದ್ದು ಐಸ್‌ಲ್ಯಾಂಡಿನಲ್ಲಿ. ಕೊಡಗಿನಲ್ಲಿ ಜ್ವಾಲಾಮುಖಿ ಇಲ್ಲ, ಅಲ್ಲಿ ಬೇಕಾದಷ್ಟಿವೆ. 2023ರ ನವೆಂಬರ್ 10ರ ರಾತ್ರಿ ಗ್ರಿಂಡವಿಕ್ ಎಂಬ ಮೀನುಗಾರರ ಊರನ್ನು ಪೂರ್ತಿ ಖಾಲಿ ಮಾಡಿಸಿದರು, ಸುಮಾರು 3,800 ಜನ. ಊರಿನ ಅಡಿಯಲ್ಲೇ ಕರಗಿದ ಕಲ್ಲು, ಅಂದರೆ ಮ್ಯಾಗ್ಮಾ, ದಾರಿ ಮಾಡಿಕೊಂಡು ನುಗ್ಗುತ್ತಿತ್ತು. ಕೆಲವೇ ದಿನಗಳಲ್ಲಿ ಅಮೆರಿಕದ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಲ್ಲಿಯವರ ಜೊತೆ ಸೇರಿ, ಟೆಲಿಕಾಂ ಕಂಪನಿ ಮೊದಲೇ ಹೂತಿಟ್ಟಿದ್ದ ಸುಮಾರು 100 ಕಿ.ಮೀ. ಫೈಬರ್ ಕೇಬಲ್ಲಿನ ಒಂದು ತುದಿಗೆ ಲೇಸರ್ ಪೆಟ್ಟಿಗೆ ಜೋಡಿಸಿದರು. ಹೊಸದಾಗಿ ನೆಲ ಅಗೆಯಲಿಲ್ಲ.

ಆ ಕೇಬಲ್ಲಿನೊಳಗೆ ಇರುವುದು ಕೂದಲೆಳೆಯಷ್ಟು ಸಣ್ಣ ಗಾಜು. ಎಷ್ಟೇ ಶುದ್ಧ ಮಾಡಿದರೂ ಗಾಜಿನ ಉದ್ದಕ್ಕೂ ಕಣ್ಣಿಗೆ ಕಾಣದ ಏರುಪೇರು ಇದ್ದೇ ಇರುತ್ತದೆ. ಪೆಟ್ಟಿಗೆಯಿಂದ ಹೊರಟ ಬೆಳಕು ಅವಕ್ಕೆಲ್ಲ ತಾಗಿ ಚೂರು ಚೂರೇ ಹಿಂದಿರುಗುತ್ತದೆ. ಎಲ್ಲೋ ನೆಲ ಅಲುಗಿದರೆ ಅಲ್ಲಿನ ಗಾಜು ಎಷ್ಟೋ ಸೂಕ್ಷ್ಮವಾಗಿ ಹಿಗ್ಗಿ ಕುಗ್ಗುತ್ತದೆ, ಅಲ್ಲಿಂದ ಬರುವ ಬೆಳಕಿನ ಅಲೆಯ ಲಯವೂ ಬದಲಾಗುತ್ತದೆ. ಬೆಳಕು ಗಾಜಿನಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುವುದರಿಂದ, ವಾಪಸ್ ಬರಲು ಹಿಡಿದ ಸಮಯ ನೋಡಿದರೆ ಅಲುಗಿದ ಜಾಗವೂ ಗೊತ್ತಾಗುತ್ತದೆ. ಹತ್ತು ಮೀಟರಿಗೊಂದರಂತೆ ಲೆಕ್ಕ ಹಾಕಿದರೆ ಒಂದೇ ಕೇಬಲ್ಲು 10,000 ಭೂಕಂಪ ಮಾಪಕಗಳ ಸಾಲಾಗುತ್ತದೆ! ಅಷ್ಟು ಉಪಕರಣಗಳನ್ನು ಬೆಂಕಿ ಬೆಟ್ಟದ ಸುತ್ತ ನೆಟ್ಟು ನೋಡಿಕೊಳ್ಳುವುದು ಯಾರಿಂದ ಸಾಧ್ಯ?

ನನಗೆ ಜಾಸ್ತಿ ಹಿಡಿಸಿದ್ದು ಬೇರೆಯೇ ಸಂಗತಿ. ಕೇಬಲ್ಲಿಗೆ ನಡುಕ ಮಾತ್ರವಲ್ಲ, ಸದ್ದಿಲ್ಲದ ನಿಧಾನ ಎಳೆತವೂ ತಿಳಿಯುತ್ತದೆ. ಮ್ಯಾಗ್ಮಾ ಬಂಡೆ ಸೀಳುತ್ತಾ ಮೇಲೆ ಬರುವಾಗ ನೆಲ ಎರಡೂ ಕಡೆಗೆ ಸರಿಯುತ್ತದೆ, ಜೊತೆಗೆ ಗಾಜೂ ಜಗ್ಗುತ್ತದೆ. ಇದನ್ನೇ ಹಿಡಿದು ಲಾವಾ ಹೊರಬೀಳುವ ಅರ್ಧ ಗಂಟೆಯಿಂದ ಕೆಲವು ಗಂಟೆ ಮೊದಲೇ ಎಚ್ಚರಿಸಬಹುದು ಎಂದು ಅವರು ತೋರಿಸಿದರು. ಮನೆಮಂದಿಯನ್ನೆಲ್ಲ ಗಾಡಿ ಹತ್ತಿಸಲು ಅರ್ಧ ಗಂಟೆ ಸಣ್ಣ ಸಮಯವಲ್ಲ.

ಹಾಗಂತ ಭೂಕಂಪ ಯಾವಾಗ ಎಂದು ಇದು ಮೊದಲೇ ಹೇಳುವುದಿಲ್ಲ. ಲಾರಿ ಹೋದರೂ ಕೇಬಲ್ಲಿಗೆ ಗೊತ್ತಾಗುತ್ತದೆ, ಅದನ್ನೆಲ್ಲ ಸೋಸಿ ತೆಗೆಯಬೇಕು. ನಮ್ಮ ತೋಟಗಳ ಬದಿ ಕಂಬದಿಂದ ಕಂಬಕ್ಕೆ ನೇತಾಡುವ ಕೇಬಲ್ಲು ಈ ಕೆಲಸಕ್ಕೆ ಅಷ್ಟಾಗಿ ಆಗದು, ಗಾಳಿಯ ಸದ್ದೇ ತುಂಬಿಕೊಳ್ಳುತ್ತದೆ. ಮಣ್ಣನ್ನು ಬಿಗಿಯಾಗಿ ಅಪ್ಪಿಕೊಂಡ ಕೇಬಲ್ಲೇ ಬೇಕು. ಜಾರುವ ಗುಡ್ಡಗಳ ಮೇಲೂ ಬೇರೆ ದೇಶಗಳಲ್ಲಿ ಫೈಬರ್ ಹೂತು ನೋಡುತ್ತಿದ್ದಾರೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗೆಲ್ಲ, ಜೋಡುಪಾಲದ ಹತ್ತಿರ, ರಸ್ತೆ ಪಕ್ಕದ ಬರೆಗಳನ್ನು ನಾನು ಈಗ ಅದೇ ಆಸೆಯಿಂದ ನೋಡುತ್ತೇನೆ.