ಶೂಟರ್ ಗೇಮ್ ಸಿನಿಮಾ ಆಗುವಾಗ: ನಾಯಕನ ಮುಖ ಎಲ್ಲಿಂದ ತರುವುದು?

ಕಾದಂಬರಿಯನ್ನು ಸಿನಿಮಾ ಮಾಡುವವರಿಗೆ ಯಾವುದನ್ನು ಬಿಡಲಿ ಎಂಬ ತಲೆಬಿಸಿ. ಸೈನಿಕರ ಶೂಟರ್ ಗೇಮ್ (ಯೋಧನ ಕಣ್ಣಿಂದಲೇ ನೋಡುತ್ತ ಗುಂಡು ಹಾರಿಸುವ ವಿಡಿಯೊ ಗೇಮ್) ಹಿಡಿದವರಿಗೆ ಅದರ ಉಲ್ಟಾ: ಗುಂಡು, ಶತ್ರು, ಸುರಂಗ ಎಲ್ಲ ಇವೆ, ನಾಯಕನೇ ಇಲ್ಲ. ಚಿತ್ರಕಥೆ ಕಲಿಯುವ ನಾವು ಮೊದಲು ನೋಡಬೇಕಾದ್ದು ಇದನ್ನೇ.

1993ರ 'ಡೂಮ್' ಗೇಮ್ ತಗೊಳ್ಳಿ. ಅದರ ಯೋಧನಿಗೆ ಹೆಸರಿಲ್ಲ, ಮಾತಿಲ್ಲ. ಕಾಣುವುದು ಅವನ ಕೈಯ ಬಂದೂಕು, ಜೊತೆಗೆ ಪರದೆಯ ಕೆಳಗೊಂದು ಪುಟ್ಟ ಮುಖ. ಏಟು ಬಿದ್ದಂತೆಲ್ಲ ಆ ಮುಖಕ್ಕೆ ರಕ್ತ ಮೆತ್ತಿಕೊಳ್ಳುತ್ತದೆ. ಅದು ಮುಖ ಅನ್ನುವುದಕ್ಕಿಂತ ಮೀಟರ್ ಅನ್ನಿ. ಆ ಖಾಲಿ ಜಾಗ ಬಿಟ್ಟಿರುವುದು ಆಡುವವರು ಬಂದು ಕೂರಲಿ ಅಂತಲೇ.

2005ರ 'ಡೂಮ್' ಸಿನಿಮಾ ಆ ಜಾಗವನ್ನು ತುಂಬಿಸಿತು. ಕಾರ್ಲ್ ಅರ್ಬನ್ ಮಾಡಿದ ಪಾತ್ರಕ್ಕೆ ಜಾನ್ ಗ್ರಿಮ್ ಎಂಬ ಹೆಸರು ಬಂತು, ವಿಜ್ಞಾನಿ ಸೋದರಿ ಬಂದಳು, ಹಳೆಯ ನೋವೂ ಬಂತು. ಗೇಮ್‌ನಲ್ಲಿ ನರಕದಿಂದ ಬರುತ್ತಿದ್ದ ಪಿಶಾಚಿಗಳು ಇಲ್ಲಿ ಕ್ರೋಮೋಸೋಮ್ ಕಿತಾಪತಿಯಿಂದ ಹುಟ್ಟಿದವು. (ನರಕವನ್ನೇ ಬಿಟ್ಟಿದ್ದಕ್ಕೆ ಅಭಿಮಾನಿಗಳು ಇನ್ನೂ ಗೊಣಗುತ್ತಾರೆ. ನನಗೂ ಸಿಟ್ಟಿದೆ.) ಕೊನೆಗೆ ಸುಮಾರು ಐದು ನಿಮಿಷ ಕ್ಯಾಮೆರಾ ನಾಯಕನ ಕಣ್ಣೇ ಆಗಿಬಿಡುತ್ತದೆ: ಮುಂದೆ ಬಂದೂಕಿನ ನಳಿಕೆ, ಮೂಲೆಮೂಲೆಯಿಂದ ಹಾರಿಬರುವ ರಾಕ್ಷಸರು.

ಗೇಮ್‌ನ ತದ್ರೂಪು. ಆದರೂ ಅನುಭವ ಬೇರೆ, ಯಾಕೆ? ಆಡುವಾಗ ಯಾವ ಕಡೆ ತಿರುಗಬೇಕು ಎನ್ನುವುದು ನಮ್ಮ ಕೈಯಲ್ಲಿದೆ. ಬಾಗಿಲು ತೆಗೆಯುವ ಮುಂಚೆ ಗುಂಡು ಎಷ್ಟು ಉಳಿದಿದೆ ಅಂತ ನೋಡಿಕೊಳ್ಳುತ್ತೇವೆ, ಹೆದರಿದರೆ ನಿಲ್ಲುತ್ತೇವೆ. ಭಯ ಹುಟ್ಟುವುದು ಆ ಹಿಂಜರಿಕೆಯಲ್ಲಿ. ಸಿನಿಮಾದಲ್ಲಿ ಇನ್ಯಾರೋ ತಿರುಗುತ್ತಾರೆ, ನಾವು ಜಾತ್ರೆಯ ಭೂತಬಂಗಲೆಯಲ್ಲಿ ಗಾಡಿ ಹತ್ತಿ ಕೂತವರ ಹಾಗೆ. ಕಿರುಚಬಹುದು, ಇಳಿಯುವ ಹಾಗಿಲ್ಲ. ಇನ್ನೊಂದು ನಷ್ಟವೂ ಇದೆ: ಕ್ಯಾಮೆರಾ ಕಣ್ಣಾದರೆ ನಟನ ಮುಖ ಮಾಯ. ಅಷ್ಟು ಕಷ್ಟಪಟ್ಟು ಕಟ್ಟಿದ ಪಾತ್ರ ಕ್ಲೈಮ್ಯಾಕ್ಸ್‌ನಲ್ಲೇ ಕಾಣೆಯಾಗುತ್ತದೆ. ಹಾಗಿದ್ದೂ ಇಡೀ ಸಿನಿಮಾದಲ್ಲಿ ನೆನಪಿನಲ್ಲಿ ಉಳಿಯುವುದು ಆ ಐದು ನಿಮಿಷವೇ. ಮಿಕ್ಕಿದ್ದು ಎಲ್ಲೋ ನೋಡಿದ ಹಾಗಿರುತ್ತದೆ.

ಇಂಥದ್ದೇ ಗೇಮ್‌ನಿಂದ ಸರಣಿಯಾಗಿ ಬಂದ 'ಹೇಲೋ'ಗೂ ಇದೇ ಪೇಚು. 2022ರಲ್ಲಿ ಪ್ಯಾರಾಮೌಂಟ್ ಪ್ಲಸ್ ಎಂಬ ಸ್ಟ್ರೀಮಿಂಗ್ ತಾಣದಲ್ಲಿ ಶುರುವಾದಾಗ ಮೊದಲ ಕಂತಿನಲ್ಲೇ ಮಾಸ್ಟರ್ ಚೀಫ್, ಅಂದರೆ ಗೇಮ್‌ನಲ್ಲಿ ಮುಖವನ್ನೇ ತೋರಿಸದ ನಾಯಕ, ಹೆಲ್ಮೆಟ್ ತೆಗೆದ. ಕಂತುಗಟ್ಟಲೆ ಕಥೆ ಎಳೆಯಬೇಕಾದರೆ ನಟನ ಕಣ್ಣು ಬೇಕೇ ಬೇಕು, ಆ ಲೆಕ್ಕ ಅರ್ಥವಾಗುತ್ತದೆ. ಆದರೆ ವರ್ಷಗಟ್ಟಲೆ ಆ ಹೆಲ್ಮೆಟ್ಟಿನೊಳಗೆ ತಾವೇ ಇದ್ದವರಿಗೆ ಅಲ್ಲಿ ನಟ ಪ್ಯಾಬ್ಲೋ ಶ್ರೈಬರ್ ಕಂಡರು. ಎರಡು ಸೀಸನ್‌ಗೆ ಸರಣಿ ಮುಗಿಯಿತು.

2001ರ ಮೊದಲ 'ಹೇಲೋ' ಗೇಮ್‌ನ ಕೊನೆಯಲ್ಲೂ ಅವನು ಹೆಲ್ಮೆಟ್ ತೆಗೆಯುತ್ತಾನೆ. ಅಲ್ಲಿ ಮಾತ್ರ, ಮುಖ ಕಾಣುವಷ್ಟರಲ್ಲಿ ಕ್ಯಾಮೆರಾ ಬೇರೆಡೆಗೆ ಸರಿದುಬಿಡುತ್ತದೆ.