ಮಾರ್ಫಿನ್: ಸಾದಾ ಗುಳಿಗೆ, ಎಸ್‌ಆರ್ ಗುಳಿಗೆ

ಫಾರ್ಮಕಾಲಜಿ ಓದುವಾಗ ನಮ್ಮಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಎಸ್‌ಆರ್ (ಸಸ್ಟೇನ್ಡ್ ರಿಲೀಸ್, ಅಂದರೆ ಔಷಧವನ್ನು ನಿಧಾನವಾಗಿ ಬಿಡುವ ಗುಳಿಗೆ) ಎಂದರೆ ಜೋರಾದ ಔಷಧ ಎಂದುಕೊಳ್ಳುತ್ತೇವೆ. ಎರಡರಲ್ಲೂ ಇರುವುದು ಅದೇ ಮಾರ್ಫಿನ್; ಬೇರೆ ಇರುವುದು ಗುಳಿಗೆ ಕಟ್ಟಿದ ರೀತಿ.

ಸಾದಾ ಗುಳಿಗೆ ಬೇಗ ಕರಗುತ್ತದೆ. ಸುಮಾರು ಅರ್ಧ ಗಂಟೆಯಲ್ಲಿ ನೋವು ತಗ್ಗತೊಡಗುತ್ತದೆ, 4 ಗಂಟೆಗೆ ಪರಿಣಾಮ ಇಳಿಯುತ್ತದೆ. ಎಸ್‌ಆರ್‌ನಲ್ಲಿ ಔಷಧವನ್ನು ಮೇಣ ಅಥವಾ ಪಾಲಿಮರ್ ಜಾಲದೊಳಗೆ ಹುದುಗಿಸಿರುತ್ತಾರೆ. ಅದು ಒಸರಿದ ಹಾಗೆ ಹೊರಬರುವುದರಿಂದ ದಿನಕ್ಕೆ ಎರಡು ಸಲ, 12 ಗಂಟೆಗೊಮ್ಮೆ ಕೊಟ್ಟರೆ ಸಾಕು. ಕೆಲವರ ಮಲದಲ್ಲಿ ಗುಳಿಗೆ ಹಾಗೇ ಬಿದ್ದಂತೆ ಕಾಣುತ್ತದೆ. ಅದು ಖಾಲಿ ಚಿಪ್ಪು, ಮನೆಯವರು ಗಾಬರಿಯಾಗುವ ಮೊದಲೇ ಹೇಳಿಡಿ.

ಮರ ಹತ್ತಿ ಅಡಿಕೆ ಕೊನೆ ಇಳಿಸುವಾಗ ಬಿದ್ದು ಕಾಲು ಮುರಿದುಕೊಂಡವರಿಗೆ ಎಸ್‌ಆರ್ ಸಲ್ಲದು. ಅಲ್ಲಿ ನೋವು ಗಂಟೆಗಂಟೆಗೆ ಬದಲಾಗುತ್ತದೆ, ಡೋಸ್ ಕೂಡ ಜತೆಗೇ ಬದಲಾಗಬೇಕು. ಎಸ್‌ಆರ್ ಇರುವುದು ಕ್ಯಾನ್ಸರಿನಂಥ, ದಿನವಿಡೀ ಬಿಡದೆ ಕಾಡುವ ನೋವಿಗೆ. ಅಲ್ಲೂ ಸಾಮಾನ್ಯವಾಗಿ ಸಾದಾ ಗುಳಿಗೆಯಲ್ಲಿ ಡೋಸ್ ನಿಕ್ಕಿ ಮಾಡಿಕೊಂಡು ಆಮೇಲೆ ಬದಲಿಸುತ್ತಾರೆ.

ಲೆಕ್ಕ ಪರೀಕ್ಷೆಗೆ ಬಂದೇ ಬರುತ್ತದೆ. 10 ಮಿ.ಗ್ರಾಂ. 4 ಗಂಟೆಗೊಮ್ಮೆ, ಅಂದರೆ ದಿನಕ್ಕೆ 60. ಅದನ್ನು ಎರಡು ಪಾಲು ಮಾಡಿದರೆ ಎಸ್‌ಆರ್ 30, ಬೆಳಿಗ್ಗೆ ಮತ್ತು ರಾತ್ರಿ. ನಡುವೆ ನೋವು ಒಮ್ಮೆಲೇ ಎದ್ದರೆ ದಿನದ ಒಟ್ಟು ಡೋಸಿನ ಆರನೇ ಒಂದು ಪಾಲು, ಇಲ್ಲಿ 10, ಸಾದಾ ಗುಳಿಗೆಯಲ್ಲಿ ಕೊಡುತ್ತಾರೆ. ಎಸ್‌ಆರ್ ಇದೆಯೆಂದು ಈ ತುರ್ತು ಗುಳಿಗೆ ಬರೆಯದೆ ಮನೆಗೆ ಕಳಿಸುವುದು ನನ್ನ ಪ್ರಕಾರ ಅರ್ಧ ಚಿಕಿತ್ಸೆ. ಮಳೆಗಾಲದ ನಡುರಾತ್ರಿ ನೋವೆದ್ದರೆ ದೇವಿಮನೆ ಘಟ್ಟ ಇಳಿದು ಆಸ್ಪತ್ರೆಗೆ ಬನ್ನಿ ಎನ್ನಲಾಗುತ್ತದೆಯೇ?

ಇನ್ನು ನಮ್ಮ ಕಡೆಯವರು ವಿಶೇಷವಾಗಿ ಕಲಿಯಬೇಕಾದದ್ದು. ಸಿರ್ಸಿ ಕಡೆ ಮನೆಮನೆಯಲ್ಲೂ ಮದ್ದು ತೇಯುವ ಸಾಣೆಕಲ್ಲು ಇರುತ್ತದೆ. ಬಾಯಿ ಕ್ಯಾನ್ಸರ್ ಆದವರಿಗೆ ಬಾಯಿ ತೆರೆಯುವುದೇ ಕಷ್ಟ, ಹಾಗಾಗಿ ಮಗ ಬಂದು ಕೇಳುತ್ತಾನೆ: "ಅಕ್ಕಾ, ಆಯಿಗೆ ನುಂಗಲೆ ಆಗ್ತಿಲ್ಲೆ. ತೇದು ಗಂಜಿಯಲ್ಲಿ ಕೊಡಲಕ್ಕಾ?" ಸಾದಾ ಗುಳಿಗೆಯಾದರೆ ಅಡ್ಡಿಯಿಲ್ಲ. ಎಸ್‌ಆರ್ ತೇದರೆ ಜಾಲ ಒಡೆದು, 12 ಗಂಟೆಯ ಮಾರ್ಫಿನ್ ಒಂದೇ ಏಟಿಗೆ ರಕ್ತಕ್ಕೆ ಸೇರುತ್ತದೆ. ತೂಕಡಿಕೆ ಹೆಚ್ಚಿ, ಕರೆದರೂ ಏಳದಂತಾಗಿ, ಉಸಿರೇ ನಿಲ್ಲಬಹುದು. ಎಸ್‌ಆರ್ ಅಗಿಯುವುದು, ಪುಡಿ ಮಾಡುವುದು, ಮೂಗಿನ ನಳಿಗೆಯಲ್ಲಿ ಕರಗಿಸಿ ಬಿಡುವುದು, ಎಲ್ಲಕ್ಕೂ ಒಂದೇ ಉತ್ತರ: ಕೂಡದು. ನುಂಗಲಾಗದವರಿಗೆ ಸಾದಾ ಗುಳಿಗೆ ಪುಡಿ ಮಾಡಿ 4 ಗಂಟೆಗೊಮ್ಮೆ, ಅಥವಾ ಡೋಸ್ ಸ್ಥಿರವಾಗಿದ್ದರೆ ಫೆಂಟಾನಿಲ್ ಪ್ಯಾಚ್ (ಚರ್ಮಕ್ಕೆ ಅಂಟಿಸುವ, ಮಾರ್ಫಿನ್ ಗುಂಪಿನದೇ ನೋವಿನ ಔಷಧ). ಯಾವುದೆಂದು ವೈದ್ಯರೇ ನಿರ್ಧರಿಸಬೇಕು.

ಪ್ಯಾಚ್ ಸಾಮಾನ್ಯವಾಗಿ 72 ಗಂಟೆಗೊಮ್ಮೆ ಬದಲಿಸುವಂಥದ್ದು. ಅದರ ಮೇಲೆ ಬಿಸಿನೀರಿನ ಚೀಲ ಇಟ್ಟರೂ, ಜ್ವರ ಏರಿದರೂ ಔಷಧ ಹೆಚ್ಚು ಇಳಿಯುತ್ತದೆ. ಮದ್ಯ ಎರಡೂ ಗುಳಿಗೆಗಳ ಜತೆ ಅಪಾಯ. ಕಿಡ್ನಿ ಸೋತವರಲ್ಲಿ ಮಾರ್ಫಿನ್ನಿನ ಅಂಶಗಳು ಮೈಯಲ್ಲೇ ಉಳಿದು ಸೇರುತ್ತಾ ಹೋಗುತ್ತವೆ, ಅಂಥವರಲ್ಲಿ ಎಸ್‌ಆರ್ ಇನ್ನೂ ಕಷ್ಟ: ಒಮ್ಮೆ ನುಂಗಿದ್ದನ್ನು ಹಿಂದಕ್ಕೆ ಪಡೆಯಲಾಗದು.

ಮಲಬದ್ಧತೆ ಮಾತ್ರ ಎರಡಕ್ಕೂ ಸಮ. ಮೊದಲ ದಿನದಿಂದಲೇ ಮಲ ಸಲೀಸಾಗಿ ಹೋಗುವಂತೆ ಮಾಡುವ ಔಷಧವನ್ನೂ ಚೀಟಿಯಲ್ಲಿ ಬರೆದಿದೆಯೇ ನೋಡಿ, ಇಲ್ಲದಿದ್ದರೆ ಡಾಕ್ಟರನ್ನು ಕೇಳಿ.