ಅಟ್ಟದಲ್ಲಿ ಬಿಚ್ಚದ ಪಾರ್ಸೆಲ್‌ಗಳು

ಕಾಸರಗೋಡಿನ ಬದಿಯಡ್ಕ ಕಡೆಯ ಒಬ್ಬ ಟೀಚರ್ ನನ್ನ ಕ್ಲಿನಿಕ್ಕಿಗೆ ಬಂದದ್ದು ನಿದ್ದೆ ಬರುವುದಿಲ್ಲ ಅಂತ. ಜೊತೆಗೆ ಅತ್ತೆ. ನಾನು ನಿದ್ದೆಯ ವಿಚಾರ ಕೇಳುತ್ತಿದ್ದರೆ ಅತ್ತೆ ನಡುವೆ ಬಾಯಿ ಹಾಕಿದರು. "ನಿದ್ದೆ ಹಾಗಿರಲಿ ಡಾಕ್ಟ್ರೇ. ಅಟ್ಟದಲ್ಲಿ ಅಡಿಕೆ ಇಡಲಿಕ್ಕೆ ಜಾಗ ಇಲ್ಲ. ಎಲ್ಲ ಇವಳ ಪಾರ್ಸೆಲ್. ಅರ್ಧಕ್ಕರ್ಧ ಬಿಚ್ಚಿಯೇ ಇಲ್ಲ." ಟೀಚರ್ ತಲೆ ತಗ್ಗಿಸಿದರು. (ಯಾರೆಂದು ಗೊತ್ತಾಗದಂತೆ ವಿವರ ಸ್ವಲ್ಪ ಬದಲಿಸಿದ್ದೇನೆ. ಊಹಿಸಲು ಹೋಗಬೇಡಿ.)

ಅತ್ತೆ ದೂರು ಹೇಳಲು ಬಂದವರು, ಆದರೆ ರೋಗದ ಗುರುತನ್ನೇ ಹೇಳಿಬಿಟ್ಟರು. ಸೀರೆ ಬೇಕಿದ್ದವರು ಸೀರೆ ಬಂದ ಕೂಡಲೇ ಬಿಚ್ಚುತ್ತಾರೆ, ಹೆಗಲಿಗೆ ಹಾಕಿ ಕನ್ನಡಿ ಮುಂದೆ ನಿಲ್ಲುತ್ತಾರೆ. ಬಿಚ್ಚದೆ ಅಟ್ಟಕ್ಕೆ ಹೋಯಿತು ಅಂದರೆ ಬೇಕಿದ್ದದ್ದು ಸೀರೆ ಅಲ್ಲ. ಫೋನಿನಲ್ಲಿ ಹುಡುಕುವುದು, ಆರಿಸುವುದು, ಬಟನ್ ಒತ್ತುವುದು, ಅಷ್ಟೇ. ಆ ಹತ್ತು ನಿಮಿಷ ಬೇಕಿತ್ತು.

ಇದಕ್ಕೆ ಮಿದುಳಿನಲ್ಲಿ ಕಾರಣ ಉಂಟು. 1990ರ ದಶಕದಲ್ಲಿ ವೋಲ್ಫ್ರಾಮ್ ಷುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳಿಗೆ ಹಣ್ಣಿನ ರಸ ಕೊಟ್ಟು ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಹೊರಬಿಡುವ ನರಕೋಶಗಳನ್ನು ಗಮನಿಸಿದರು. ಮೊದಮೊದಲು ರಸ ಬಾಯಿಗೆ ಬಿದ್ದಾಗ ಅವು ಚುರುಕಾಗುತ್ತಿದ್ದವು. ಲೈಟು ಹೊತ್ತಿದ ಮೇಲೆ ರಸ ಬರುತ್ತದೆ ಅಂತ ಕೋತಿಗೆ ಅಭ್ಯಾಸವಾದ ಮೇಲೆ, ಲೈಟು ಹೊತ್ತಿದಾಗಲೇ ಚುರುಕು. ರಸ ಬಂದಾಗ ಏನೂ ಇಲ್ಲ! ನಮ್ಮ ಪಾರ್ಸೆಲ್ ಕತೆಯೂ ಹೆಚ್ಚುಕಡಿಮೆ ಹಾಗೆಯೇ. ಫೋನಿನಲ್ಲಿ ನೋಡುವಾಗಿನ ಖುಷಿ ಡಬ್ಬ ಬರುವಷ್ಟರಲ್ಲಿ ತಣ್ಣಗಾಗಿರುತ್ತದೆ.

ಉಪದೇಶ ಮಾಡುವ ನಾನೇನು ಸಾಚಾ ಅಲ್ಲ. ಕಳೆದ ಮಳೆಗಾಲದಲ್ಲಿ ತೆಂಗಿನಕಾಯಿ ತುರಿಯುವ ಕರೆಂಟಿನ ಯಂತ್ರ ತರಿಸಿದೆ. ವಿಡಿಯೋದಲ್ಲಿ ಅದು ಹೂವಿನ ಹಾಗೆ ತುರಿಯುತ್ತಿತ್ತು. ಮನೆಯಲ್ಲಿ ಎರಡು ಸಲ ತುರಿಯಿತು, ಮೂರನೇ ಸಲಕ್ಕೆ ಗೋಡೆಗೆಲ್ಲ ಕಾಯಿ ಹಾರಿಸಿತು. ಹೆಂಡತಿ ಏನೂ ಹೇಳದೆ ಹೆರೆಮಣೆ ಎಳೆದುಕೊಂಡು ಕೂತಳು. ಬೈದಿದ್ದರೆ ವಾಸಿಯಿತ್ತು.

ಮೊದಲು ನಮಗೆ ಬ್ರೇಕು ಹಾಕುತ್ತಿದ್ದದ್ದು ಬಸ್ಸು. ಒಳ್ಳೆಯ ಸೀರೆ ಬೇಕು ಅಂದರೆ ಕಾಸರಗೋಡಿನಿಂದ ಮಂಗಳೂರಿಗೆ ಐವತ್ತು ಕಿಲೋಮೀಟರ್ ಹೋಗಬೇಕು, ಅದಕ್ಕೆ ಒಂದು ರಜೆ ಬೇಕು, ಮಕ್ಕಳನ್ನು ನೋಡಿಕೊಳ್ಳಲು ಯಾರಾದರೂ ಬೇಕು, ಕೈಯಲ್ಲಿ ನೋಟು ಬೇಕು, ಮತ್ತೆ ಇಷ್ಟೆಲ್ಲ ಕೂಡಿಬರುವಷ್ಟರಲ್ಲಿ ಆಸೆ ತಾನಾಗಿಯೇ ಇಳಿದಿರುತ್ತಿತ್ತು. ನಮ್ಮ ಹಿರಿಯರಿಗೆ ಮನಸ್ಸಿನ ಹಿಡಿತ ಜಾಸ್ತಿ ಇತ್ತು ಅಂತ ನನಗೆ ಅನಿಸುವುದಿಲ್ಲ. ಅಂಗಡಿ ದೂರ ಇತ್ತು. ಈಗ ಅಂಗಡಿ ತಲೆದಿಂಬಿನ ಪಕ್ಕ ಮಲಗುತ್ತದೆ.

ನೋಟು ಎಣಿಸಿ ಕೊಡುವ ಸಂಕಟವೂ ಹೋಯಿತು. ಅಮೆರಿಕದಲ್ಲಿ ಪ್ರೆಲೆಕ್ ಮತ್ತು ಸೈಮೆಸ್ಟರ್ ಎಂಬ ಇಬ್ಬರು ಸಂಶೋಧಕರು ವಿದ್ಯಾರ್ಥಿಗಳ ನಡುವೆ ಪಂದ್ಯದ ಟಿಕೆಟ್ ಹರಾಜು ಹಾಕಿ ನೋಡಿದ್ದರು. 2001ರಲ್ಲಿ ಅದು ಪ್ರಕಟವಾಯಿತು. ಕೆಲವರಿಗೆ ನಗದು ಕೊಡಬೇಕು ಅಂದರು, ಕೆಲವರಿಗೆ ಕಾರ್ಡ್ ನಡೆಯುತ್ತದೆ ಅಂದರು. ಅದೇ ಟಿಕೆಟ್ಟಿಗೆ ಕಾರ್ಡಿನವರು ಸುಮಾರು ಇಮ್ಮಡಿ ಕೂಗಿದರು.

ಟೀಚರಿಗೆ ನಾನು ಕೊಟ್ಟ ಮೊದಲ ಕೆಲಸ ಸುಲಭದ್ದು. ಆ್ಯಪಿನಲ್ಲಿ ಹಳೆಯ ಆರ್ಡರುಗಳ ಪಟ್ಟಿ ಇರುತ್ತದಲ್ಲ, ಒಂದೊಂದರ ಪಕ್ಕ ಆವತ್ತು ಎಷ್ಟು ಹೊತ್ತಿಗೆ ಒತ್ತಿದ್ದು ಅಂತ ಮೆಸೇಜು ನೋಡಿ ಬರೆಯಿರಿ ಅಂದೆ. ಬೆಲೆ ಬೇಡ, ಹೊತ್ತು ಮಾತ್ರ. ಮುಂದಿನ ಸಲ ಪುಸ್ತಕ ಮೇಜಿನ ಮೇಲಿಟ್ಟರು. ಹತ್ತರಲ್ಲಿ ಏಳೆಂಟು ರಾತ್ರಿ ಹತ್ತು ಗಂಟೆಯಿಂದ ಹನ್ನೊಂದೂವರೆ ಒಳಗೆ. ಗಂಡ ದುಬೈಯಲ್ಲಿ. ದಿನಾ ಒಂಬತ್ತೂವರೆಗೆ ಫೋನ್ ಬರುತ್ತದೆ, ಹತ್ತಕ್ಕೆ ಮುಗಿಯುತ್ತದೆ. ನಾನು ಏನೂ ಹೇಳಬೇಕಾಗಲಿಲ್ಲ. ಅವರೇ ಸ್ವಲ್ಪ ಹೊತ್ತು ಆ ಪುಟ ನೋಡಿ, "ಫೋನ್ ಇಟ್ಟ ಮೇಲೆ ಮನೆ ಒಮ್ಮೆಲೇ ಖಾಲಿ ಅನಿಸ್ತದೆ ಡಾಕ್ಟ್ರೇ" ಅಂದರು.

ಎಲ್ಲರಿಗೂ ಒಂಟಿತನವೇ ಅಂತಲ್ಲ. ಒಬ್ಬರಿಗೆ ಮೇಲಧಿಕಾರಿಯ ಬೈಗುಳ, ಒಬ್ಬರಿಗೆ ಸುಮ್ನೆ ಬೇಸರ, ಒಬ್ಬರಿಗೆ ತಂಗಿಯ ಮನೆಯ ಹೊಸ ಸೋಫಾ. ಹೊತ್ತು ಬರೆದರೆ ಕಾರಣ ತಾನಾಗಿ ಮೇಲೆ ಬರುತ್ತದೆ.

ಮಾರುವವರೂ ಈ ಹೊತ್ತಿಗೇ ಕಾದಿರುತ್ತಾರೆ. ಓಣಂ ಬಂದರೆ ಪೇಟೆಯ ತುಂಬ ರಿಯಾಯಿತಿ ಬೋರ್ಡು, ಮಲಯಾಳದಲ್ಲೊಂದು ಕನ್ನಡದಲ್ಲೊಂದು. ಫೋನಿನಲ್ಲಾದರೆ "ಇನ್ನು ಎರಡೇ ಪೀಸ್ ಉಳಿದಿದೆ" ಅಂತ ಕೆಂಪಕ್ಷರ. ಇಂಥ ಸುಳ್ಳು ಅವಸರ, ನಾವು ಹಾಕದ ವಸ್ತು ಬುಟ್ಟಿಗೆ ತಾನೇ ಸೇರುವುದು, ಹೀಗೆ 13 ಬಗೆಯ ತಂತ್ರಗಳನ್ನು ಪಟ್ಟಿಮಾಡಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಮಾರ್ಗಸೂಚಿ ಹೊರಡಿಸಿ ನಿಷೇಧಿಸಿದೆ. 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಆದರೆ ರಾತ್ರಿ ಹನ್ನೊಂದಕ್ಕೆ ಯಾರು ದೂರು ಕೊಡಲು ಕೂರುತ್ತಾರೆ ಹೇಳಿ.

ಹಾಗಾಗಿ ನಾನು ಮನಸ್ಸು ಗಟ್ಟಿ ಮಾಡಿ ಅಂತ ಯಾರಿಗೂ ಹೇಳುವುದಿಲ್ಲ. ಅಂಗಡಿಯನ್ನು ಮತ್ತೆ ದೂರ ಮಾಡಿ ಅನ್ನುತ್ತೇನೆ. ಆ್ಯಪಿನಲ್ಲಿ ಉಳಿಸಿದ ಕಾರ್ಡ್ ನಂಬರ್ ಅಳಿಸಿ. ಪ್ರತಿ ಸಲ ಕಾರ್ಡ್ ಹುಡುಕಿ ಹದಿನಾರು ಅಂಕಿ ಒತ್ತುವಂತಾಗಲಿ, ಕಾರ್ಡು ಕಪಾಟಿನಲ್ಲಿ ಸೀರೆಗಳ ಕೆಳಗಿದ್ದರೆ ಇನ್ನೂ ಒಳ್ಳೆಯದು. ನೋಟಿಫಿಕೇಶನ್ ಬಂದ್ ಮಾಡಿ. ಮತ್ತೆ ಒಂದು ಪುಸ್ತಕ. ಕಂಡ ಕೂಡಲೇ ಕೊಳ್ಳುವ ಬದಲು ವಸ್ತುವಿನ ಹೆಸರು, ಬೆಲೆ, ತಾರೀಕು ಬರೆದಿಡಿ. ತೀರ್ಮಾನ ಮುಂದಿನ ಸಂಕ್ರಮಣದ ದಿನ, ತಿಂಗಳಿಗೊಮ್ಮೆ ಬರುತ್ತದಲ್ಲ. ನಮ್ಮ ಕಡೆ ಸಂಕ್ರಮಣ ಯಾರಿಗೂ ಮರೆಯುವುದಿಲ್ಲ, ಮನೆಯಲ್ಲಿ ಅಜ್ಜಿ ಇದ್ದರಂತೂ ಬಿಡುವುದೇ ಇಲ್ಲ, ಅದಕ್ಕೇ ಆ ದಿನ ಆರಿಸಿದ್ದು. ಔಷಧಿ, ಅಕ್ಕಿ, ಮಕ್ಕಳ ಪುಸ್ತಕಕ್ಕೆ ಈ ನಿಯಮ ಇಲ್ಲ.

ಪೂರ್ತಿ ನಿಲ್ಲಿಸಿಬಿಡುತ್ತೇನೆ ಅನ್ನುವವರನ್ನು ಕಂಡರೆ ನನಗೆ ಭಯ. ಇಪ್ಪತ್ತು ದಿನ ಉಪವಾಸ, ಇಪ್ಪತ್ತೊಂದನೇ ದಿನ ಒಟ್ಟಿಗೆ ಆರು ಪಾರ್ಸೆಲ್. ಮನೆಯವರು ಕಾರ್ಡ್ ಕಿತ್ತುಕೊಳ್ಳುವುದೂ ಅಷ್ಟೇ. ಒಂದು ಮನೆಯಲ್ಲಿ ಗಂಡ ಹಾಗೆ ಮಾಡಿದ್ದಕ್ಕೆ ಪಾರ್ಸೆಲ್‌ಗಳು ಪಕ್ಕದ ಮನೆಯ ವಿಳಾಸಕ್ಕೆ ಬರತೊಡಗಿದವು, ಜೊತೆಗೆ ಅಲ್ಲೇ ಕೈಸಾಲ.

ಸಾಲ ಅಂದಾಗ ಒಂದು ಲೆಕ್ಕ. ಹಲವು ಕ್ರೆಡಿಟ್ ಕಾರ್ಡುಗಳಲ್ಲಿ ಬಾಕಿಗೆ ಬಡ್ಡಿ ತಿಂಗಳಿಗೆ ಶೇ. 3.5ರ ಆಸುಪಾಸು. 20,000 ರೂಪಾಯಿ ಬಾಕಿ ಇದ್ದರೆ ಬಡ್ಡಿ 700, ಅದರ ಮೇಲೆ ಶೇ. 18 ಜಿಎಸ್‌ಟಿ 126. ಕನಿಷ್ಠ ಮೊತ್ತ ಅಂತ ಸಾವಿರ ಕಟ್ಟಿದಿರಿ ಅನ್ನಿ. ಅಸಲಿಗೆ ಹೋದದ್ದು 174 ರೂಪಾಯಿ! ಚಿನ್ನ ಅಡವಿಟ್ಟು ಇದನ್ನು ತೀರಿಸಿದವರೂ ನನ್ನ ಹತ್ತಿರ ಬಂದಿದ್ದಾರೆ, ಪೇಟೆಯ ಡಾಕ್ಟರಿಗಿಂತ ಸಹಕಾರಿ ಬ್ಯಾಂಕಿನವರಿಗೆ ಇಂಥವರು ಮೊದಲು ಸಿಗುತ್ತಾರೆ.

ಕೆಲವು ಸಲ ಪುಸ್ತಕ, ಸಂಕ್ರಮಣ ಯಾವುದೂ ಸಾಕಾಗುವುದಿಲ್ಲ. ಮೂರು ಗಂಟೆ ಮಲಗಿದರೂ ಆಯಾಸ ಇಲ್ಲ, ಮಾತು ನಿಲ್ಲುವುದಿಲ್ಲ, ಒಮ್ಮೆಲೇ ಸಿಕ್ಕಿದ್ದೆಲ್ಲ ಕೊಳ್ಳುತ್ತಿದ್ದಾರೆ ಅಂದರೆ ಅದು ಮೇನಿಯಾ ಎಂಬ ಮಾನಸಿಕ ಕಾಯಿಲೆ ಇರಬಹುದು, ಚಿಕಿತ್ಸೆ ಬೇಕು. ಇನ್ನೊಂದು ಹೆಚ್ಚಿನವರಿಗೆ ಗೊತ್ತಿಲ್ಲ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಮಿಪೆಕ್ಸೋಲ್, ರೊಪಿನಿರೋಲ್ ಥರದ ಮಾತ್ರೆಗಳಿಂದ ಕೆಲವರಿಗೆ ಕೊಳ್ಳುವ, ಜೂಜಾಡುವ ಹುಚ್ಚು ಹತ್ತುತ್ತದೆ. ಜೀವಮಾನವಿಡೀ ಜಿಪುಣ ಅನಿಸಿಕೊಂಡ ಅಜ್ಜ ಎಪ್ಪತ್ತರಲ್ಲಿ ದಿನಾ ಆರ್ಡರ್ ಮಾಡತೊಡಗಿದರೆ ನಗಬೇಡಿ, ಮಾತ್ರೆ ಡಬ್ಬ ನೋಡಿ. ಆದರೆ ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ ಹೇಳಿ. ಯಾರ ಹತ್ತಿರ ಹೋಗಬೇಕು ಗೊತ್ತಾಗದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಉಂಟು, ನಂಬರ್ 14416, ಕನ್ನಡದಲ್ಲೂ ಮಾತಾಡಬಹುದು.

ಟೀಚರ್ ಮೊನ್ನೆ ಸಂಕ್ರಮಣದ ಮರುದಿನ ಪುಸ್ತಕ ಹಿಡಿದು ಬಂದಿದ್ದರು. ಒಂಬತ್ತು ಸಾಲು. ಕೊಂಡದ್ದು ಒಂದು, ಮಗಳಿಗೆ ರೇನ್‌ಕೋಟು. ಏಳಕ್ಕೆ ಗೀಟು ಹಾಕಿದ್ದರು. ಉಳಿದ ಒಂದಕ್ಕೆ ಗೀಟೂ ಇಲ್ಲ, ಟಿಕ್ಕೂ ಇಲ್ಲ. "ಹಸಿರು, 649 ರೂ., ತುಂಬಾ ಬೇಕು" ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು.

"ಇದು ಎಂತದು ಟೀಚರೇ?" ಅಂತ ಕೇಳಿದೆ.

ಅವರು ಪುಸ್ತಕ ತಿರುಗಿಸಿ ತಿರುಗಿಸಿ ನೋಡಿದರು. "ಅದೇ ನೆನಪಾಗ್ತಿಲ್ಲ ಡಾಕ್ಟ್ರೇ" ಅಂದರು, ಆಮೇಲೆ ನಗು ತಡೆಯಲಾಗಲಿಲ್ಲ.